ಗಿಣಿ ಪೆಟ್ಟಿಗೆಯ ಬೆಳಕು

ಆ ಸಾಲನ್ನು ಮುಮತಾಜಬಿ ಮೂರು ಸಲ ಓದಿದಳು. ಮೊದಲ ಸಲ ಅಕ್ಷರ ಕೂಡಿಸಿಕೊಂಡು ಓದಿದಳು; ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಒತ್ತಕ್ಷರ ಬಂದರೆ ಈಗಲೂ ನಾಲಿಗೆ ತಡವರಿಸುತ್ತದೆ. ಎರಡನೆಯ ಸಲ, ತಾನು ಓದಿದ್ದು ಸರಿಯೇ ಎಂದು ಖಾತ್ರಿ ಮಾಡಿಕೊಂಡಳು. ಮೂರನೆಯ ಸಲ ಓದುವಷ್ಟರಲ್ಲಿ ಕಂಕುಳಲ್ಲಿದ್ದ ದಿಂಬಿನ ಚೀಲಗಳ ಗಂಟು ಜಾರಿ ಬೋರ್ಡಿನ ಬುಡಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂಬ ಖಬರು ಅವಳಿಗೆ ಇರಲಿಲ್ಲ.

"ಕೆಲಸಗಾರನೊಬ್ಬನ ನಿರ್ಲಕ್ಷ್ಯದಿಂದ ಬಾಲಕಿಯೊಬ್ಬಳು ತೀರಿಕೊಂಡ ಕಾರಣ ೧೯೭೯ರಲ್ಲಿ ಆನಂದಬಾಗ ಮುಚ್ಚಬೇಕಾಯಿತು."

ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವಾದರೂ ಏನಿತ್ತು? ನರಗುಂದದಲ್ಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ ಆ ಕೆಲಸಗಾರ ಯಮನೂರಸಾಬ ಎಂದು ಹೇಳುತ್ತಾರೆ. ಯಮನೂರಸಾಬ ಮುಮತಾಜಬಿಯ ಗಂಡ. ಅವನು ಸತ್ತೇ ಹನ್ನೆರಡು ವರ್ಷವಾಗಿತ್ತು. ಸತ್ತವನನ್ನೂ ಬಿಡದೆ, ಹಳದಿ ಬಣ್ಣದ ಹಲಗೆಯ ಮೇಲೆ ಕರಿ ಅಕ್ಷರದಲ್ಲಿ ಬರೆಸಿ, ಮೂಲೆಗೆ ಎರಡು ಹೂವು ಬೇರೆ ಬಿಡಿಸಿ ನಿಲ್ಲಿಸಿದ್ದರು.

ಆನಂದಬಾಗ ಇದ್ದದ್ದು ಇದೇ ಜಾಗದಲ್ಲಿ. ಕಾಳಿನ ವ್ಯಾಪಾರದ ಪ್ರಭುಲಿಂಗಪ್ಪ ಸಾಹುಕಾರರು ಮುಂಬಯಿಗೆ ಹೋದಾಗ ಅಲ್ಲೆಲ್ಲೋ ಮಕ್ಕಳ ಆಟದ ತೋಟ ನೋಡಿ ಬಂದು, ಗುಡ್ಡದ ಬುಡದಲ್ಲಿದ್ದ ತಮ್ಮ ಗೋದಾಮಿನ ಹಿತ್ತಲಲ್ಲಿ ಅಂಥದೇ ಒಂದನ್ನು ಮಾಡಿಸಿದ್ದರು. ಸೊಂಡಿಲಿನ ಮೇಲಿಂದ ಜಾರುವ ಸಿಮೆಂಟಿನ ಆನೆ, ಮಾರಿ ಸೊಟ್ಟ ಮಾಡಿ ತೋರಿಸುವ ಕನ್ನಡಿಗಳು, ಕೈಯಿಂದ ನೂಕುವ ಪುಟಾಣಿ ರೈಲು. ಎಲ್ಲಕ್ಕಿಂತ ದೊಡ್ಡದು ತಿರುಗುವ ತೊಟ್ಟಿಲು. ಹೊಳೆಆಲೂರಿನಲ್ಲಿ ರೈಲು ಇಳಿದು, ರೋಣದಿಂದ, ಗಜೇಂದ್ರಗಡದಿಂದ ಬಸ್ಸು ಹಿಡಿದು ಜನ ಬರುತ್ತಿದ್ದರು. ಈಗ ಅದೇ ಜಾಗದಲ್ಲಿ ಸಾಹುಕಾರರ ಮಗ ಶಶಿಕಾಂತ ಅಪ್ಪನ ಹೆಸರಿನಲ್ಲಿ ಮಂಗಲ ಕಾರ್ಯಾಲಯ ಕಟ್ಟಿಸಿದ್ದ. ಇವತ್ತು ಸಂಜೆ ಐದಕ್ಕೆ ಅದರ ಉದ್ಘಾಟನೆ. ಅದರ ನೆಪದಲ್ಲಿ ಆನಂದಬಾಗದ ನಲವತ್ತು ಹಳೆಯ ಫೋಟೊಗಳನ್ನು ಹುಡುಕಿಸಿ, ದೊಡ್ಡದು ಮಾಡಿಸಿ, ಗೋಡೆಯ ಉದ್ದಕ್ಕೂ ತೂಗುಹಾಕಿದ್ದ.

ಹಳೆಯ ಫೋಟೊ ಎಂದರೆ ಜನಕ್ಕೆ ಅದೇನು ಮೋಹವೋ! ಬೆಳಗಿನಿಂದ ಒಂದೇ ಸಮನೆ ಬರುತ್ತಿದ್ದರು, ನೋಡುತ್ತಿದ್ದರು, ಅಯ್ಯೋ ಅಯ್ಯೋ ಎನ್ನುತ್ತಿದ್ದರು. ಮದುವೆಯಾದ ವರ್ಷ ಗಂಡನ ಜೊತೆ ರೈಲಿನಲ್ಲಿ ಕೂತು ತೆಗೆಸಿಕೊಂಡ ಚಿತ್ರ ನೋಡಿ ಗಜೇಂದ್ರಗಡದ ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತೊಟ್ಟಿಲಿನ ಫೋಟೊಗಳ ಮುಂದೆಯಂತೂ ಗುಂಪು ಕರಗುತ್ತಲೇ ಇರಲಿಲ್ಲ.

"ಬೆಳಕು ನೋಡ್ರಿ ಬೆಳಕು! ಕೂಸಿನ ಬಾಜೂಕ ಹ್ಯಾಂಗ ಬಿದ್ದೈತಿ. ಈಗಿನ ಕ್ಯಾಮೆರಾದಾಗ ಬರಂಗಿಲ್ಲ ಬಿಡ್ರಿ ಇದು," ಎಂದು ಒಬ್ಬ ಮೇಷ್ಟ್ರು ಹೇಳುತ್ತಿದ್ದರು. ಉಳಿದವರು ಹೌದ್ರಿ ಹೌದ್ರಿ ಎನ್ನುತ್ತಿದ್ದರು.

ಮುಮತಾಜಬಿ ಚಿತ್ರ ನೋಡಲು ಬಂದವಳಲ್ಲ. ಗಾದಿ, ದಿಂಬು ಹೊಲಿಯುವುದು ಅವಳ ಕಸುಬು. ಮದುಮಗಳ ಕೋಣೆಯ ದಿಂಬುಗಳಿಗೆ ಬಿಳಿ ಚೀಲ ಹೊಲಿದು ಕೊಡಲು ಬಂದಿದ್ದಳು, ಬಾಗಿಲಲ್ಲೇ ಈ ಬೋರ್ಡು ಎದುರಾಗಿತ್ತು. ಅವಳು ಸೀದಾ ಶಶಿಕಾಂತನ ಹತ್ತಿರ ಹೋದಳು. ಅವನು ಮೈಕಿನವನ ಜೊತೆ ಮಾತಾಡುತ್ತಿದ್ದ.

"ಸಾವ್ಕಾರ, ಆ ಹಲಗಿ ಮ್ಯಾಲ ಯಾರ ಬರಸ್ಯಾರ?"

"ನಾನ ಬರಸೀನಿ ಚಾಚಿ. ಯಾಕ, ಚಂದ ಬಂದಿಲ್ಲೇನು?"

"ಕೆಲಸಗಾರ ಅಂತ ಬರದೀರಲ್ಲ. ಯಾರ ಆ ಕೆಲಸಗಾರ?"

ಶಶಿಕಾಂತ ಮೈಕಿನವನಿಗೆ ಆಚೆ ಹೋಗುವಂತೆ ಸನ್ನೆ ಮಾಡಿದ. ನಲವತ್ತರ ಆಸುಪಾಸಿನ, ದನಿ ಎತ್ತದ ಮನುಷ್ಯ. ಆ ಮೆತ್ತನೆಯ ದನಿಯೇ ಮುಮತಾಜಬಿಯ ಮೈ ಉರಿಸಿತು.

"ಹೆಸರ ಹಾಕಿಲ್ಲಲ್ಲ ಚಾಚಿ. ನಿಮ್ಮ ಮಾರಿ ನೋಡೇ ಹಾಕಿಲ್ಲ. ಬರೆಯಾಂವ ಕೇಳಿದ್ದ, ಬ್ಯಾಡ ಅಂದೆ."

"ಉಪಕಾರ ಮಾಡೀರಿ ಹಂಗಾರ! ಕೊಲಿಗಡಕ ಅಂದು ಹೆಸರ ಹೇಳದ ಬಿಟ್ರ ಅದು ಉಪಕಾರ ಏನ್ರಿ?"

"ಹಿಂಗ ಜೋರ ಮಾಡಬ್ಯಾಡ್ರಿ, ಮಂದಿ ಅದಾರ. ಕೊಂಡಿ ಹಾಕೂದು ಮರತಾ ಅಂತ ಅಪ್ಪಾರು ಸಾಯೂತನಕಾ ಹೇಳ್ಯಾರ. ಪಂಚರ ಮುಂದ ಆಗಿದ್ದ ಮಾತದು. ನಾ ಏನ್ ಹೊಸಾದ ಬರದಿಲ್ಲ."

"ಹಾಕಾಕ ಕೊಂಡಿ ಎಲ್ಲಿತ್ತು?" ಎಂದಳು ಮುಮತಾಜಬಿ. ಅವಳ ದನಿ ಈಗ ಹಾಲಿನ ಆ ತುದಿಗೂ ಕೇಳುತ್ತಿತ್ತು. "ಗಿಣಿ ಪೆಟಗೀ ಕೊಂಡಿ ಮುರದ ಎಂಟ ತಿಂಗಳ ಆಗಿತ್ತು. ಮಾಡಸ್ರಿ, ಮಾಡಸ್ರಿ ಅಂತ ನಿಮ್ಮಪ್ಪಾರಿಗೆ ಎಷ್ಟ ಸಲ ಹೇಳ್ಯಾನ ಅಂವಾ! ಸುಗ್ಗಿ ಮುಗೀಲಿ ತಡಿ ಅಂತಿದ್ರು. ಅಲ್ಲೀತನಾ ಅಂವಾ ಮ್ಯಾಲ ಕುಂತು ಕಾಲಿಲೆ ಬಾಗಲಾ ಒತ್ತಿ ಹಿಡೀತಿದ್ದ. ಕಾಲಿಲೆ!"

ತಿರುಗುವ ತೊಟ್ಟಿಲಿಗೆ ಯಂತ್ರ ಗಿಂತ್ರ ಇರಲಿಲ್ಲ. ಅಡ್ಡಡ್ಡ ಎರಡು ತೊಲೆ, ಅವುಗಳ ನಾಲ್ಕು ತುದಿಗೆ ನಾಲ್ಕು ಕಟ್ಟಿಗೆಯ ಪೆಟ್ಟಿಗೆ. ಒಂದರ ಬಾಗಿಲಿಗೆ ಆನೆ, ಒಂದಕ್ಕೆ ಕುದುರೆ, ಒಂದಕ್ಕೆ ಹುಲಿ, ಇನ್ನೊಂದಕ್ಕೆ ಗಿಣಿ ಬರೆದಿದ್ದರು. ಯಮನೂರಸಾಬ ಮಂಗನ ಹಾಗೆ ತೊಲೆ ಹತ್ತಿ ಮೈಭಾರ ಹಾಕಿ ತಿರುಗಿಸುತ್ತಿದ್ದ, ಜಿಗಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಗಿಣಿ ಪೆಟ್ಟಿಗೆಯ ಕೊಂಡಿ ಮುರಿದ ಮೇಲೆ ಅದರ ಮೇಲಿನ ತೊಲೆಯ ಮೇಲೆಯೇ ಕೂತು, ಬರಿಗಾಲು ಇಳಿಬಿಟ್ಟು, ಬೆರಳುಗಳಿಂದ ಬಾಗಿಲ ಮೂಲೆ ಅದುಮಿ ಹಿಡಿದುಕೊಂಡು ಮಕ್ಕಳ ಜೊತೆ ತಾನೂ ಸುತ್ತುತ್ತಿದ್ದ. ರಾತ್ರಿ ಮನೆಗೆ ಬಂದರೆ ಕಾಲ್ಬೆರಳು ಬಾತಿರುತ್ತಿದ್ದವು. ಅವುಗಳಿಗೆ ಎಣ್ಣೆ ಹಚ್ಚಿ ತಿಕ್ಕಿದವಳು ಮುಮತಾಜಬಿ. ಅವಳಿಗೆ ಯಾವ ಪಂಚರೂ ಹೇಳಬೇಕಾಗಿರಲಿಲ್ಲ.

ಶಶಿಕಾಂತ ಗೋಡೆಯತ್ತ ಕೈ ತೋರಿಸಿದ. "ತೊಟ್ಲದ್ದ ಹನ್ನೊಂದ ಫೋಟೊ ಅದಾವು. ಬರೇ ಒಂದರಾಗ ನಿಮ್ಮ ಮನಿಯವರ ಕಾಲು ತೋರಸ್ರಿ ಚಾಚಿ. ಈಗಿಂದೀಗ ಅಳಸ್ತೀನಿ. ಇಲ್ಲಾಂದ್ರ ದಯಮಾಡಿ ಸುಮ್ನಿರ್ರಿ. ಐದಕ್ಕ ದೊಡ್ಡ ಮಂದಿ ಬರ್ತಾರ. ಅದನ್ನ ಮೈಕಿನಾಗ ಓದೂದೈತಿ ನಾನು."

ಮೈಕಿನಲ್ಲಿ ಓದುತ್ತಾನಂತೆ! ಮುಮತಾಜಬಿ ಗೋಡೆಯತ್ತ ನಡೆದಳು. ಒಂದನೆಯದು, ಎರಡನೆಯದು, ಮೂರನೆಯದು. ಪೆಟ್ಟಿಗೆಯಲ್ಲಿ ಮಕ್ಕಳು, ನಗು, ಎಣ್ಣೆ ಹಚ್ಚಿ ಬಾಚಿದ ತಲೆ, ಹಿಂದೆ ಬಯಲು ಆಕಾಶ. ನಾಲ್ಕನೆಯದು, ಐದನೆಯದು. ಹನ್ನೊಂದನ್ನೂ ನೋಡಿದಳು. ತೊಲೆಯ ಮೇಲೆ ಯಾರೂ ಇರಲಿಲ್ಲ. ಎಲ್ಲಿಯೂ ಒಂದು ಕಾಲಿರಲಿಲ್ಲ, ಕೈಯಿರಲಿಲ್ಲ, ಅಂಗಿಯ ಚುಂಗಿರಲಿಲ್ಲ. ನೋಡಿದವರು ತೊಟ್ಟಿಲು ತನ್ನಷ್ಟಕ್ಕೆ ತಿರುಗುತ್ತಿತ್ತು ಅಂದುಕೊಳ್ಳಬೇಕು.

ಸುಳ್ಳು ಹೇಳಿದ್ದನೇ? ಈ ಸಂಶಯ ಇವತ್ತಿನದಲ್ಲ. ಕಾಲಿನಿಂದ ಹಿಡಿಯುತ್ತಿದ್ದನೆಂಬುದು ಖರೆ, ಅದು ಅವಳ ಕೈಗೇ ಗೊತ್ತು. ಆದರೆ ಆ ದಿನ? ಸೂಡಿ ಊರಿನ ಏಳು ವರ್ಷದ ಉಮಾಶ್ರೀ ಗಿಣಿ ಪೆಟ್ಟಿಗೆಯಿಂದ ಕಲ್ಲಿನ ಮೇಲೆ ಬಿದ್ದ ದಿನ ಯಮನೂರಸಾಬ ಮೇಲೆ ಇರಲಿಲ್ಲ, ಕೆಳಗಿದ್ದ. ಯಾಕೆ ಇಳಿದಿದ್ದ? ಪಂಚರು ಕೇಳಿದರು, ಹೇಳಲಿಲ್ಲ. ಇವಳು ಕೇಳಿದಳು, ಹೇಳಲಿಲ್ಲ. "ನಾ ಇಳೀಬಾರದಿತ್ತು" ಎಂಬುದಷ್ಟೇ ಅವನ ಮಾತು. ಆನಂದಬಾಗ ಮುಚ್ಚಿ, ಊರಲ್ಲಿ ಯಾರೂ ಕೆಲಸ ಕೊಡದೆ, ಗಜೇಂದ್ರಗಡದ ಸಂತೆಯಲ್ಲಿ ಹಮಾಲಿ ಮಾಡಿ, ಕೆಮ್ಮಿ ಕೆಮ್ಮಿ ಸಾಯುವ ತನಕ ಅದೊಂದೇ ಮಾತು. ಅವಳೂ ಬಿಟ್ಟವಳಲ್ಲ. ಜಗಳ ಬಂದಾಗೆಲ್ಲ ಅದನ್ನೇ ಎತ್ತಿ ಬಾರಿಸಿದ್ದಳು.

ಆರನೆಯ ಫೋಟೊದ ಮುಂದೆ ಮೇಷ್ಟ್ರು ಇನ್ನೂ ಬೆಳಕಿನ ಪುರಾಣ ಬಿಚ್ಚಿಟ್ಟುಕೊಂಡು ನಿಂತಿದ್ದರು. ಮುಮತಾಜಬಿ ಅವರನ್ನು ಸರಿಸಿ ಹತ್ತಿರ ಹೋದಳು. ಗಿಣಿ ಪೆಟ್ಟಿಗೆ. ಅದರ ಬಾಗಿಲ ಮೂಲೆಯಲ್ಲಿ ಬೆಳ್ಳನೆಯ ಒಂದು ಗುರುತು. ಮೂಲೆಯ ಕಟ್ಟಿಗೆಯನ್ನೇ ಅದು ನುಂಗಿಬಿಟ್ಟಿತ್ತು. ಏಳನೆಯದರಲ್ಲೂ ಅದೇ ಮೂಲೆ, ಅದೇ ಗುರುತು. ಒಂಬತ್ತನೆಯದರಲ್ಲೂ. ಬಿಸಿಲು ದಿನಾ ಬಂದು ಅದೊಂದೇ ಮೂಲೆಗೆ ಬೀಳುತ್ತಿತ್ತೇ? ಅದೂ ಅಂಗೈ ಅಗಲ?

ಅವಳು ತಿರುಗಿ ನೋಡಿದಳು. ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಹಾಲಸಿದ್ದಪ್ಪ ಕೂತಿದ್ದ. ಆನಂದಬಾಗದ ಫೋಟೊಗಳನ್ನೆಲ್ಲ ತೆಗೆದವನು ಅವನೇ. ಎಪ್ಪತ್ತೈದು ದಾಟಿದ ಮುದುಕ, ಸಂಜೆಗೆ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡುವವರಿದ್ದರು. ಒಗೆದ ಧೋತರ, ಹೊಸ ಟೋಪಿ. ಅವನು ಮುಮತಾಜಬಿ ಬಂದಾಗಿನಿಂದ ನೆಲ ನೋಡುತ್ತಿದ್ದ.

"ಅಣ್ಣಾರ, ಇಲ್ಲಿ ನನ್ನ ಗಂಡ ಇದ್ದ. ಎಲ್ಲಿ ಹೋದ?"

"ಏನವ್ವಾ?"

"ಕಿವಿ ಕೇಳಂಗಿಲ್ಲೇನು? ತೊಲಿ ಮ್ಯಾಲ ನನ್ನ ಗಂಡ ಕುಂದರತಿದ್ದ. ನೀವು ಫೋಟೊ ತಗದೀರಿ. ಅಂವಾ ಎಲ್ಲಿ ಅದಾನ? ಈ ಬಿಳೇದು ಏನು?"

ಹಾಲಸಿದ್ದಪ್ಪ ಶಶಿಕಾಂತನ ಕಡೆ ನೋಡಿದ, ಗೋಡೆಯ ಕಡೆ ನೋಡಿದ. ಸುತ್ತ ಜನ ಸೇರಿತ್ತು.

"ಮಂದಿ ಒಲ್ಲೆ ಅಂತಿದ್ರವ್ವಾ," ಎಂದ ಸಣ್ಣಗೆ. "ಅಂವಾ ಮ್ಯಾಲ ಕುಂತ್ರ ಅವನ ಕಾಲು ಕೂಸಿನ ತಲಿ ಮ್ಯಾಲ ಬರತಿತ್ತು ಫೋಟೊದಾಗ. ನಮ್ಮ ಕೂಸಿನ ತಲಿ ಮ್ಯಾಲ ಸಾಬನ ಕಾಲು ಇಟ್ಟೀಯಲ್ಲೋ ಅಂತ ಫೋಟೊ ವಾಪಸ್ ಒಗದ ಹೋಗತಿದ್ರು. ಅದಕ್ಕ ನೆಗೆಟಿವ್ ಮ್ಯಾಲ ಕೆಂಪ ಬಣ್ಣಾ ಹಚ್ಚತಿದ್ನಿ. ಬಣ್ಣಾ ಹಚ್ಚಿದಲ್ಲಿ ಕಾಗದದಾಗ ಬೆಳ್ಳಗ ಬರತೈತಿ. ಆಕಾಶದಾಗ ಆಕಾಶ ಕೂಡತೈತಿ, ಗೊತ್ತಾಗಂಗಿಲ್ಲ."

ಮೇಷ್ಟ್ರು ಕೆಮ್ಮಿದರು. ಯಾರೂ ಬೆಳಕಿನ ಮಾತು ಎತ್ತಲಿಲ್ಲ.

"ಆ ಬಣ್ಣಾ ತೊಳದ್ರ ಹೋಗತೈತೇನು?" ಎಂದಳು ಮುಮತಾಜಬಿ.

"ನೀರಿನ ಬಣ್ಣ. ಹೋಗತೈತಿ."

"ಅವು ಎಲ್ಲಿ ಅದಾವು?"

"ಅಂಗಡ್ಯಾಗ. ಟ್ರಂಕಿನಾಗ."

"ಏಳ್ರಿ ಹಂಗಾರ."

"ಸಂಜಿ ಕಾರ್ಯಕ್ರಮ ಮುಗದ ಮ್ಯಾಲ..."

"ಏಳ್ರಿ ಅಂದ್ನಿ!"

ಎಪ್ಪತ್ತೈದರ ಮುದುಕ ಶಾಲೆಯ ಹುಡುಗನ ಹಾಗೆ ಎದ್ದು ನಿಂತ. ಶಶಿಕಾಂತ ಏನೋ ಹೇಳಲು ಬಾಯಿ ತೆರೆದ. ಮುಮತಾಜಬಿ ಅವನ ಕಡೆ ತಿರುಗಿ, "ಕಾಲು ತೋರಸ್ರಿ ಅಂದೀರಿ. ಮಾತಿನ ಮ್ಯಾಲ ಇರ್ರಿ," ಎಂದು ಹೊರಟೇ ಬಿಟ್ಟಳು.

ಹಾಲಸಿದ್ದಪ್ಪನ ಸ್ಟುಡಿಯೋ ಬಜಾರದ ಹಿಂದಿನ ಓಣಿಯಲ್ಲಿತ್ತು. ಬಾಗಿಲು ಹಾಕಿ ಆರು ವರ್ಷವಾಗಿತ್ತು. ಕೀಲಿ ತಿರುಗಿಸಲು ಅವನಿಗೆ ಎರಡೂ ಕೈ ಬೇಕಾದವು. ಒಳಗೆ ಗೋಡೆಗೆ ಬಿಡಿಸಿದ ಒಂದು ಸರೋವರ, ಎರಡು ಹಂಸ, ಮೇಲೆಲ್ಲ ಜೇಡರ ಬಲೆ. ಕಪಾಟಿನ ಅಡಿಯಿಂದ ಅವನು ತಗಡಿನ ಟ್ರಂಕು ಎಳೆದ. ಒಳಗೆ ಎಣ್ಣೆಗಾಗದದ ಲಕೋಟೆಗಳು, ಪ್ರತಿಯೊಂದರ ಮೇಲೆ ಇಸವಿ ಮತ್ತು ಊರು. ಎಪ್ಪತ್ತೆಂಟು, ರೋಣ. ಎಪ್ಪತ್ತೆಂಟು, ಹೊಳೆಆಲೂರು. ಎಪ್ಪತ್ತೊಂಬತ್ತು, ಗಜೇಂದ್ರಗಡ. ಮುಮತಾಜಬಿ ಬೀದಿ ನಲ್ಲಿಯಿಂದ ಬೋಗುಣಿ ತುಂಬ ನೀರು ಹಿಡಿದು ತಂದು ಹೊಸ್ತಿಲ ಮೇಲೆ ಇಟ್ಟಳು.

ಮೊದಲನೆಯ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಗೈಯಗಲದ ತುಣುಕು. ಅದರಲ್ಲಿ ಎಲ್ಲ ತಲೆಕೆಳಗು: ಬೆಳ್ಳನೆಯ ಆಕಾಶ ಕರ್ರಗಿತ್ತು, ಮಗುವಿನ ಕರಿ ಕೂದಲು ಬೆಳ್ಳಗಿತ್ತು. ಅದರ ನೆತ್ತಿಯ ಮೇಲೆ, ತೊಲೆಯ ಉದ್ದಕ್ಕೂ, ಬಾಗಿಲ ಮೂಲೆಯ ತನಕ ಒಣಗಿದ ಕೆಂಪು ಬಣ್ಣ.

"ನೆನೀಲಿ ಸ್ವಲ್ಪ. ಒಮ್ಮೆಲೆ ತಿಕ್ಕಿದ್ರ ಗೀರ ಬೀಳತಾವು," ಎಂದ ಹಾಲಸಿದ್ದಪ್ಪ.

"ಇಪ್ಪತ್ನಾಕ ವರ್ಷ ನೆನದೈತಿ," ಎಂದಳು. ಆದರೂ ತಡೆದಳು. ಹೊಲಿಗೆಯವಳ ಸೆರಗಿಗೆ ಯಾವಾಗಲೂ ಅರಳೆ ಅಂಟಿಕೊಂಡಿರುತ್ತದೆ. ಅದನ್ನೇ ಕಿತ್ತು ಉಂಡೆ ಮಾಡಿ, ಒದ್ದೆ ಮಾಡಿ, ಮೆಲ್ಲಗೆ ಒರೆಸತೊಡಗಿದಳು. ಕೆಂಪು ಬಿಟ್ಟುಕೊಂಡಿತು. ನೀರಿನಲ್ಲಿ ಎಳೆ ಎಳೆಯಾಗಿ ಹರಡಿತು.

ಮೊದಲು ಕಂಡದ್ದು ಮೊಣಕಾಲು. ಆಮೇಲೆ ಮಡಿಚಿದ ಪೈಜಾಮದ ಅಂಚು. ಆಮೇಲೆ ಪಾದ. ಐದೂ ಬೆರಳು ಬಾಗಿಲ ಮೂಲೆಯ ಮೇಲೆ ಒತ್ತಿ ಕೂತಿದ್ದವು, ಹೆಬ್ಬೆರಳು ಒಂದಿಷ್ಟು ಆಚೆ ಚಾಚಿತ್ತು. ಆ ಹೆಬ್ಬೆರಳನ್ನು ಮುಮತಾಜಬಿ ಕತ್ತಲಲ್ಲೂ ಗುರುತಿಸುವಳು. ಹಾಲಸಿದ್ದಪ್ಪ ಡ್ರಾವರಿನಿಂದ ಭೂತಗನ್ನಡಿ ತೆಗೆದು ಕೊಟ್ಟ. ಬೆರಳುಗಳ ಪಕ್ಕದಲ್ಲಿ, ಕೊಂಡಿ ಇರಬೇಕಾದ ಕಡೆ, ಮೊಳೆ ಕಿತ್ತುಹೋದ ಎರಡು ತೂತು.

"ನೋಡ್ರಿ!" ಎಂದು ಅವಳು ಕನ್ನಡಿಯನ್ನು ಅವನ ಮೂಗಿಗೆ ಹಿಡಿದಳು. "ಏನ್ ಕಾಣತೈತಿ ಹೇಳ್ರಿ! ಬಾಯಿ ಬಿಟ್ಟ ಹೇಳ್ರಿ!"

"ಕೊಂಡಿ ಇಲ್ಲ."

"ಮತ್ತ?"

"ಕಾಲಿಲೆ ಹಿಡದಾನ."

"ಮಗೂನ ತಲಿ ಮ್ಯಾಲ ಕಾಲ ಇಟ್ಟಾನೇನ್ರಿ ಅಂವಾ? ಇಟ್ಟಾನೇನು? ಜೀವಾ ಹಿಡದಾನ ಜೀವಾ! ಅದನ್ನ ನೀವು ಒರಸೀರಿ!"

ಒಂದಾದ ಮೇಲೆ ಒಂದು ತೊಳೆದಳು. ಯಮನೂರಸಾಬ ಒಂದೊಂದರಲ್ಲೂ ಎದ್ದು ಬಂದ. ಒಂದರಲ್ಲಿ ಬೀಡಿ ಕಚ್ಚಿಕೊಂಡಿದ್ದ. ಒಂದರಲ್ಲಿ ಮಗು ಅಳುತ್ತಿತ್ತೇನೋ, ಬಗ್ಗಿ ಅದಕ್ಕೆ ಮಾರಿ ಸೊಟ್ಟ ಮಾಡಿ ತೋರಿಸುತ್ತಿದ್ದ. ಮುಮತಾಜಬಿಯ ಮನೆಯಲ್ಲಿ ಅವನದೊಂದು ಫೋಟೊ ಇರಲಿಲ್ಲ. ಇಷ್ಟು ಯಮನೂರಸಾಬರು ಈ ಟ್ರಂಕಿನಲ್ಲಿ ಕೆಂಪು ಬಳಿದುಕೊಂಡು ಕೂತಿದ್ದರು. ಅವಳು ಅಳಲಿಲ್ಲ. ಅಳುವುದಕ್ಕೆ ಪುರಸೊತ್ತು ಕೊಡದಷ್ಟು ಸಿಟ್ಟು ಬಂದಿತ್ತು.

ಕೊನೆಗೆ ಒಂದು ಲಕೋಟೆ ಉಳಿಯಿತು. ಅದರ ಮೇಲೆ ಇಸವಿ ಇರಲಿಲ್ಲ, 'ಸೂಡಿ' ಎಂದಷ್ಟೇ ಇತ್ತು. ಹಾಲಸಿದ್ದಪ್ಪ ಅದನ್ನು ಮುಟ್ಟಲಿಲ್ಲ. ಅವಳೇ ಎತ್ತಿಕೊಂಡು ನೀರಿಗೆ ಅದ್ದಿದಳು, ಅರಳೆಯಿಂದ ಒರೆಸಿದಳು. ನೀರು ಕೆಂಪಾಗಲಿಲ್ಲ. ಇನ್ನೊಮ್ಮೆ ಒರೆಸಿದಳು. ಬೆಳಕಿಗೆ ಹಿಡಿದಳು. ಬಣ್ಣವೇ ಇರಲಿಲ್ಲ. ಎರಡಾಳೆತ್ತರದಲ್ಲಿ ಗಿಣಿ ಪೆಟ್ಟಿಗೆ, ಎರಡು ಜಡೆಯ ಹುಡುಗಿ ಒಬ್ಬಳೇ, ಬಾಯಿ ತುಂಬ ನಗು. ತೊಲೆಯ ಮೇಲೆ ಯಾರೂ ಇಲ್ಲ. ಬಾಗಿಲು ಒಂದು ಬೆರಳಿನಷ್ಟು ತೆರೆದುಕೊಂಡಿತ್ತು.

"ಇದರಾಗ ಯಾಕ ಬಣ್ಣ ಇಲ್ಲ?"

ಹಾಲಸಿದ್ದಪ್ಪ ಟ್ರಂಕಿನ ಅಂಚು ಹಿಡಿದು ನೆಲಕ್ಕೆ ಕೂತ.

"ಬಣ್ಣ ಮುಗದಿತ್ತವ್ವಾ. ಗದಗದಿಂದ ತರಸಬೇಕಿತ್ತು, ಬಂದಿರ್ಲಿಲ್ಲ. ಆ ಹುಡಗಿ ಮನಿಯವರು ಸಂಜೀಗೆ ಫೋಟೊ ಬೇಕು ಅಂತ ಗಡಿಬಿಡಿ ಮಾಡಿ, ಹುಡಗೀನ ಬಿಟ್ಟು ರೈಲಿನ ಕಡೆ ಹೋದ್ರು. ನಾನ ಅಂದ್ನಿ ಅವಗ, ಯಮನೂರಾ, ಒಂದ ನಿಮಿಷ ಕೆಳಗ ಇಳಿ, ನಿನ್ನ ಕಾಲ ಬರತಾವು ಅಂತ. ಬಾಗಲಾ ಯಾರ ಹಿಡೀಬೇಕು ಅಂದ ಅಂವಾ. ಒಂದ ನಿಮಿಷಕ್ಕ ಏನ್ ಆಗತೈತಿ ಇಳಿಯೋ ಅಂದ್ನಿ. ಹಿಂದ ಬರೇ ಆಕಾಶ ಬರ್ಲಿ ಅಂತ ಪೆಟಗಿ ಮ್ಯಾಲ ಮಾಡಿಸಿ ಹಗ್ಗಾ ಕಟ್ಟಿಸಿದ್ನಿ. ಅಂವಾ ಇಳದಾ. ನಗು ಅಂದ್ನಿ ಹುಡಗೀಗೆ. ನಕ್ಕು ಮುಂದ ಬಾಗಿದ್ಲು."

ಮುಮತಾಜಬಿಯ ಕೈಯಲ್ಲಿ ನೆಗೆಟಿವ್ ಹಾಗೆಯೇ ಇತ್ತು.

"ಪಂಚರ ಮುಂದ ಅಂವಾ ನನ್ನ ಮಾರಿ ನೋಡಿದಾ," ಎಂದ ಮುದುಕ. "ನಾ ಹೇಳ್ತೀನಿ ಅಂತ ತಿಳಕೊಂಡಿದ್ದ. ಈ ಅಂಗಡಿ ಸಾವ್ಕಾರದು, ಬಾಯಿ ಬಿಟ್ರ ಹೋಗತಿತ್ತು. ನಾನು ಕ್ಯಾಮೆರಾದ ಕರೀ ಬಟ್ಟಿ ಒಳಗ ಇದ್ನಿ, ಏನೂ ಕಾಣ್ಲಿಲ್ಲ ಅಂದ್ನಿ. ಆಮ್ಯಾಲ ಅಂವಾ ಬಾಯಿ ಬಿಡ್ಲಿಲ್ಲ."

"ಬಣ್ಣ ಮುಗದಿತ್ತು," ಎಂದಳು ಮುಮತಾಜಬಿ. "ಬಣ್ಣ ಮುಗದಿತ್ತು ಅಂತ!"

ಬೋಗುಣಿಯನ್ನು ಕಾಲಿನಿಂದ ಒದ್ದಳು. ಕೆಂಪು ನೀರು ಹೊಸ್ತಿಲು ದಾಟಿ ಓಣಿಗೆ ಹರಿಯಿತು.

"ಹಾಳಾಗಿ ಹೋಗ್ರಿ ನೀವು! ದಿನಾ ಕೇಳೀನಿ ನಾನು ಅವನ್ನ. ಅನ್ನದ ಮುಂದ ಕುಂತಾಗ ಕೇಳೀನಿ, ಜ್ವರಾ ಬಂದ ಮಲಗಿದಾಗ ಕೇಳೀನಿ. ಯಾಕ ಇಳದಿ, ಹೇಳು, ಯಾಕ ಇಳದಿ? ಹುಡಗೀನ ಕೊಂದಿ ಅಂತ ನಾನೂ ಅಂದೀನಿ ಅಲ್ಲಾ! ಹೆಂಡ್ತಿ ನಾನು, ನಾನೂ ಅಂದೀನಿ! ಅಂವಾ ನಿಮ್ಮ ಹೆಸರ ಹೇಳ್ಲಿಲ್ಲ. ನೀವು ಅವನ ಕಾಲು ಒರಸಿದ್ರಿ, ಅಂವಾ ನಿಮ್ಮ ಹೆಸರ ಸೈತ ಎತ್ತಲಿಲ್ಲ. ಇವತ್ತ ಶಾಲ ಹೊದಿಸಿಕೊಳ್ಳಾಕ ಹೊಸಾ ಟೊಪಗಿ ಬ್ಯಾರೆ!"

ಹಾಲಸಿದ್ದಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ತಪ್ಪಾತವ್ವಾ."

"ನನ್ನ ಮುಂದ ಏನ್ ತಪ್ಪಾತು? ಇಲ್ಲಿ ಯಾರದಾರ ಕೇಳಾಕ? ನಡೀರಿ. ಮಂದಿ ಮುಂದ ನಡೀರಿ."

ಮುದುಕ ಎದ್ದ. ಕಪಾಟಿನಲ್ಲಿ ಏನೋ ತಡಕಾಡಿ, ಒಂದು ಸಣ್ಣ ಡಬ್ಬಿ ಜೇಬಿಗೆ ಇಳಿಸಿಕೊಂಡ. ಒದ್ದೆ ನೆಗೆಟಿವುಗಳನ್ನು ಮುಮತಾಜಬಿ ತಾನೇ ಹಿಡಿದುಕೊಂಡಳು. ಬಜಾರದಲ್ಲಿ ಹೋಗುವಾಗ ಪರಿಚಯದವರು ಏನ್ರಿ ಇಬ್ಬರೂ ಕೂಡಿ ಎಲ್ಲಿಗೆ ಎಂದು ಕೇಳಿದರು. ಇಬ್ಬರೂ ನಿಲ್ಲದೆ ನಡೆದರು.

ಕಾರ್ಯಾಲಯದಲ್ಲಿ ಕುರ್ಚಿ ಹಾಕಿ ಮುಗಿದಿತ್ತು. ಹಾರಗಳು ಬಂದಿದ್ದವು, ಶಾಲಿನ ತಾಟು ವೇದಿಕೆಯ ಮೇಲಿತ್ತು. ಪ್ರಭುಲಿಂಗಪ್ಪನವರ ಭಾವಚಿತ್ರಕ್ಕೆ ಆಗಲೇ ಮಾಲೆ ಬಿದ್ದಿತ್ತು. ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಮುಮತಾಜಬಿ ಕುರ್ಚಿಗಳ ನಡುವೆ ನಡೆದು ಹೋಗಿ ಒಂದು ನೆಗೆಟಿವನ್ನು ಟ್ಯೂಬ್‌ಲೈಟಿನ ಎದುರು ಹಿಡಿದಳು.

"ಬರ್ರಿ ಸಾವ್ಕಾರ. ಕಾಲ ಬೇಕಾಗಿದ್ವಲ್ಲ, ನೋಡ್ರಿ."

ಶಶಿಕಾಂತ ಬಂದು ನೋಡಿದ. ಭೂತಗನ್ನಡಿ ಹಿಡಿದು ನೋಡಿದ. ಎರಡನೆಯದನ್ನು ನೋಡಿದ. ಮೂರನೆಯದನ್ನು ತೆಗೆದುಕೊಳ್ಳಲಿಲ್ಲ. ಅವನ ಕುತ್ತಿಗೆ ಕೆಂಪಾಗಿತ್ತು.

"ಚಾಚಿ, ಇದು... ಖರೇ ಇರಬಹುದು. ನಾ ಇಲ್ಲ ಅನ್ನಂಗಿಲ್ಲ. ಆದ್ರ ಈಗ ಹೊತ್ತಲ್ಲ. ಇನ್ನ ಅರ್ಧಾ ತಾಸಿಗೆ ಮಂದಿ ಬರ್ತಾರ. ನಾಳಿ ಕುಂತ ಮಾತಾಡೂಣು. ಮೈಕಿನಾಗ ಆ ಸಾಲು ಓದಂಗಿಲ್ಲ, ಆತಿಲ್ಲೋ?"

"ಈಗಿಂದೀಗ ಅಂದಿದ್ರಿ."

"ಅಪ್ಪಾರ ಹೆಸರಿನ ಕಾರ್ಯಕ್ರಮ ಐತಿ ಚಾಚಿ, ಅದನ್ನರೆ ನೋಡ್ರಿ."

"ನಿಮ್ಮಪ್ಪಾರ ಹೆಸರಿಗೆ ಹಾರಾ ಬಿದ್ದೈತಿ. ನನ್ನ ಗಂಡನ ಹೆಸರಿಗೆ ಏನ್ ಬಿದ್ದೈತಿ?"

ಅಷ್ಟರಲ್ಲಿ ಹಾಲಸಿದ್ದಪ್ಪ ಬೋರ್ಡಿನ ಮುಂದೆ ನಿಂತಿದ್ದ. ಜೇಬಿನಿಂದ ತೆಗೆದ ಡಬ್ಬಿಯಲ್ಲಿ ಒಣಗಿ ಬಿಲ್ಲೆಯಾದ ಕೆಂಪು ಬಣ್ಣ. ಟೇಬಲ್ಲಿನ ಮೇಲಿದ್ದ ನೀರಿನ ಲೋಟದಲ್ಲಿ ಬೆರಳು ಅದ್ದಿ ಅದನ್ನು ನೆನೆಸಿದ. ಸವೆದ ಕುಂಚದಿಂದ 'ಕೆಲಸಗಾರನೊಬ್ಬನ' ಎಂಬ ಅಕ್ಷರಗಳ ಮೇಲೆ ಎಳೆದ. ಗೆರೆ ತಪ್ಪಲಿಲ್ಲ. ಐವತ್ತು ವರ್ಷ ಮಾಡಿದ ಕೆಲಸ.

"ಕಾಕಾ! ಏನ್ ಮಾಡಾಕತ್ತೀರಿ?" ಎಂದು ಶಶಿಕಾಂತ ಓಡಿದ.

"ಇಳಿ ಅಂದಾಂವ ನಾನು," ಎಂದ ಹಾಲಸಿದ್ದಪ್ಪ. ಮೈಕಿನವನು ಚಾಲೂ ಇದ್ದ ಮೈಕು ಹಿಡಿದು ಹತ್ತಿರವೇ ಬಂದು ನಿಂತಿದ್ದ, ಮಾತು ಹಾಲಿನ ತುಂಬ ಕೇಳಿಸಿತು. "ಯಮನೂರಸಾಬ ಕಾಲಿಲೆ ಬಾಗಲ ಹಿಡದ ಕುಂತಿದ್ದ. ಫೋಟೊದಾಗ ನಿನ್ನ ಕಾಲು ಬರತಾವು, ಇಳಿ ಅಂದಾಂವ ನಾನು. ಸೂಡಿ ಹುಡಗಿ ಬಿದ್ದಿದ್ದು ನನ್ನಿಂದ. ಕೊಂಡಿ ಇರ್ಲಿಲ್ಲ, ಅದು ನಿಮ್ಮಪ್ಪಗೂ ಗೊತ್ತಿತ್ತು. ನನಗೂ ಗೊತ್ತಿತ್ತು."

ಕುರ್ಚಿಯ ಮೇಲೆ ಆಗಲೇ ಬಂದು ಕೂತಿದ್ದವರು ತಿರುಗಿ ನೋಡಿದರು. ಸಿದ್ದವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಶಶಿಕಾಂತ ಕೈ ಮುಂದೆ ಚಾಚಿದವನು ಹಾಗೆಯೇ ನಿಂತ. ಮುದುಕ ಮತ್ತೆ ಕುಂಚ ಅದ್ದಿದ. ಸಾಲಿನ ಅರ್ಧ ಕೆಂಪಿನ ಕೆಳಗೆ ಹೋಗಿತ್ತು.

ಮುಮತಾಜಬಿ ಹಿಂದಿನಿಂದ ಬಂದು ಅವನ ಮಣಿಕಟ್ಟು ಹಿಡಿದಳು.

"ಬಣ್ಣ ಬ್ಯಾಡ್ರಿ ಅಣ್ಣಾರ," ಎಂದಳು. "ಅದು ನೀರ ಹಾಕಿದ್ರ ಹೋಗತೈತಿ. ಬ್ಲೇಡ್ ತಗೋರ್ರಿ. ಕೆರೀರಿ."

ಹಾಲಸಿದ್ದಪ್ಪ ಕುಂಚ ಕೆಳಗಿಟ್ಟ. ಡಬ್ಬಿಯ ಮುಚ್ಚಳದಲ್ಲಿ ನೆಗೆಟಿವ್ ಕೆರೆಯುವ ಹಳೆಯ ಬ್ಲೇಡು ಇತ್ತು. ಅದನ್ನು ಎರಡು ಬೆರಳಿನ ನಡುವೆ ಹಿಡಿದು, ಮೊದಲ ಅಕ್ಷರದಿಂದ ಶುರು ಮಾಡಿದ. ಕರ್ ಕರ್ ಎಂದು ಅಕ್ಷರ ಏಳತೊಡಗಿದವು. ಬೋರ್ಡಿನ ಬುಡದಲ್ಲಿ ಮುಮತಾಜಬಿಯ ಗಂಟು ಆಗ ಬಿದ್ದಲ್ಲೇ ಬಿದ್ದಿತ್ತು. ಅದರ ಬಿಳಿ ಚೀಲಗಳ ಮೇಲೆ ಕರಿಯ ಚಕ್ಕೆಗಳು ಒಂದೊಂದಾಗಿ ಉದುರಿದವು. ಅವಳು ಅವನ್ನು ಕೊಡವಲಿಲ್ಲ. ಕೊನೆಯ ಅಕ್ಷರ ಹೋಗುವವರೆಗೂ ನೋಡುತ್ತ ನಿಂತಳು.